ಬಣ್ಣದ ಚಿತ್ರದಲ್ಲಿ ಬಿರುಕು ಎಲ್ಲಿದೆ?

ಮೇ ತಿಂಗಳು ಬಂತೆಂದರೆ ಠಾಣೆ, ಡೊಂಬಿವಲಿ, ಕಲ್ಯಾಣದ ಕಡೆ ಅಪಾಯಕಾರಿ ಕಟ್ಟಡಗಳ ಪಟ್ಟಿ ಹೊರಬೀಳುತ್ತದೆ. ಸಿ-1 ಎಂದರೆ ಖಾಲಿ ಮಾಡಿ ಕೆಡವಬೇಕಾದ ಕಟ್ಟಡ. ಸಿ-2ಎ ಎಂದರೆ ಖಾಲಿ ಮಾಡಿ ರಿಪೇರಿ, ಸಿ-2ಬಿ ಎಂದರೆ ಜನ ಒಳಗಿರುವಾಗಲೇ ರಿಪೇರಿ, ಸಿ-3 ಎಂದರೆ ಸಣ್ಣಪುಟ್ಟ ರಿಪೇರಿ. ಮಳೆ ಬೀಳುವ ಮೊದಲು ಯಾರ ಕಟ್ಟಡ ಯಾವ ವರ್ಗಕ್ಕೆ ಸೇರಿತು ಎಂಬುದು ಹಾಲಿನ ಅಂಗಡಿಯಿಂದ ಹಿಡಿದು ಲೋಕಲ್ ಟ್ರೇನಿನ ನಾಲ್ಕನೇ ಸೀಟಿನವರೆಗೆ ಎಲ್ಲರ ಬಾಯಲ್ಲೂ ಇರುತ್ತದೆ.

ಈ ಪಟ್ಟಿಯನ್ನು ನಾವು ಕನ್ನಡಿಗರು ಬೇರೆಯವರ ಸುದ್ದಿ ಎಂದು ಮಡಚಿಡುವಂತಿಲ್ಲ. ಹೋಟೆಲು ನಡೆಸಲು ಬಂದ ಉಡುಪಿ, ಮಂಗಳೂರಿನವರು, ಕಾರ್ಖಾನೆ, ಬ್ಯಾಂಕು, ರೈಲ್ವೆಯ ನೌಕರಿಗೆ ಬಂದ ಧಾರವಾಡ, ಬೆಳಗಾವಿ, ಕಲಬುರಗಿಯವರು ಮುಂಬೈಯಲ್ಲಿ ಕೈಗೆಟುಕದ ಮನೆಯನ್ನು 1980-90ರ ದಶಕದಲ್ಲಿ ಇಲ್ಲಿ ಕೊಂಡರು. ಕೆಲವರು ಊರಿನ ಹೊಲ ಮಾರಿದರು, ಕೆಲವರು ಹೆಂಡತಿಯ ಬಳೆ ಅಡವಿಟ್ಟರು. ಆ ಕಟ್ಟಡಗಳಿಗೆ ಈಗ ಮೂವತ್ತು, ನಲವತ್ತು ವರ್ಷ. ಮೂವತ್ತು ದಾಟಿದ ಕಟ್ಟಡಕ್ಕೆ ಮಹಾರಾಷ್ಟ್ರದಲ್ಲಿ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ. ಹಾಗಾಗಿ ಸೊಸೈಟಿಯ ಸಭೆಗಳಲ್ಲಿ ಈಗ ಆಡಿಟ್ ವರದಿ ಬಂದು ಕೂತಿದೆ. ಇತ್ತೀಚೆಗೆ ಆ ವರದಿಯ ಜೊತೆ ಒಂದು ಬಣ್ಣದ ಚಿತ್ರವೂ ಬರತೊಡಗಿದೆ. ಕಂಪ್ಯೂಟರಿನಲ್ಲಿ ಕಟ್ಟಿದ ನಮ್ಮದೇ ಕಟ್ಟಡ: ನೀಲಿ, ಹಸಿರು, ಹಳದಿ, ಅಲ್ಲಲ್ಲಿ ಕೆಂಪು.

ಆ ಚಿತ್ರದ ಬಗ್ಗೆ ನನಗೊಂದು ತಕರಾರಿದೆ. ಅದನ್ನು ಹೇಳುವುದಕ್ಕೇ ಈ ಬರಹ. ಚಿತ್ರದಲ್ಲಿರುವುದು ಬಹುಮಟ್ಟಿಗೆ ಬಿರುಕಿಲ್ಲದ ಕಟ್ಟಡ, ನಾವು ವಾಸ ಮಾಡುತ್ತಿರುವುದು ಬಿರುಕಿರುವ ಕಟ್ಟಡ. ಈ ಎರಡರ ನಡುವಿನ ಅಂತರವನ್ನು ಯಾರೂ ಕೇಳುತ್ತಿಲ್ಲ, ಯಾರೂ ಹೇಳುತ್ತಿಲ್ಲ.

ನಾನು ಸಾಫ್ಟ್‌ವೇರಿನ ವಿರೋಧಿಯಲ್ಲ, ಅದೇ ನನ್ನ ಅನ್ನ. ದಾವಣಗೆರೆಯಲ್ಲಿ ಸಿವಿಲ್ ಎಂಜಿನಿಯರಿಂಗ್, ಸುರತ್ಕಲ್ಲಿನಲ್ಲಿ ಎಂ.ಟೆಕ್. ಮುಗಿಸಿ ಇಲ್ಲಿಗೆ ಬಂದು ಹದಿನೇಳು ವರ್ಷವಾಯಿತು. ಡೊಂಬಿವಲಿಯಲ್ಲಿ ಮನೆ, ಐರೋಲಿಯಲ್ಲಿ ಕೆಲಸ. ಠಾಣೆ-ಬೇಲಾಪುರ ರಸ್ತೆಯುದ್ದಕ್ಕೂ ಇರುವ ಗಾಜಿನ ಕಟ್ಟಡಗಳಲ್ಲಿ ನನ್ನಂಥವರು ಸಾವಿರಾರು ಜನ. ಎಲ್ಲೋ ಇರುವ ಸೇತುವೆ, ಎಲ್ಲೋ ಇರುವ ಟ್ಯಾಂಕು, ಎಲ್ಲೋ ಇರುವ ಸುರಂಗ ಎಷ್ಟು ಭಾರ ತಡೆದೀತು ಎಂದು ಕುರ್ಚಿಯಲ್ಲಿ ಕೂತು ಲೆಕ್ಕ ಹಾಕುತ್ತೇವೆ. ಈ ಕೆಲಸಕ್ಕೆ ಸಿಮ್ಯುಲೇಶನ್ ಎಂದು ಹೆಸರು.

ಈ ಲೆಕ್ಕದ ಮೂಲ ಉಪಾಯ ಸರಳ. ಒಂದು ಇಡೀ ಸೇತುವೆಯ ಮೇಲೆ ಬೀಳುವ ಬಲವನ್ನು ಒಂದೇ ಸೂತ್ರದಲ್ಲಿ ಲೆಕ್ಕ ಹಾಕಲಾಗದು. ಅದನ್ನು ಸಾವಿರಾರು ಸಣ್ಣ ತುಣುಕುಗಳಾಗಿ ಭಾಗ ಮಾಡಿ, ಪ್ರತಿ ತುಣುಕಿಗೂ ಸುಲಭದ ಲೆಕ್ಕ ಹಾಕಿ, ತುಣುಕುಗಳನ್ನು ಮೂಲೆ ಮೂಲೆಯಲ್ಲಿ ಹೊಲಿದು ಒಟ್ಟಿನ ಉತ್ತರ ಪಡೆಯುವುದು. ವಿಮಾನದ ರೆಕ್ಕೆಗಳ ಲೆಕ್ಕಕ್ಕಾಗಿ 1950ರ ದಶಕದಲ್ಲಿ ಬೆಳೆದ ಈ ವಿಧಾನಕ್ಕೆ 1960ರಲ್ಲಿ ಬರ್ಕ್ಲಿಯ ರೇ ಕ್ಲೌ ಅವರು ಫೈನೈಟ್ ಎಲಿಮೆಂಟ್ ಮೆಥಡ್ ಎಂದು ಹೆಸರಿಟ್ಟರು. ಇಂದು ಜಗತ್ತಿನಲ್ಲಿ ಕಾರು, ಕಟ್ಟಡ, ವಿಮಾನ, ಕೃತಕ ಮಂಡಿಚಿಪ್ಪು ಯಾವುದೇ ಇರಲಿ, ಈ ಲೆಕ್ಕ ದಾಟದೆ ಹೊರಬರುವುದು ಅಪರೂಪ.

ಆದರೆ ಹೊಲಿಗೆಯಲ್ಲೊಂದು ಷರತ್ತಿದೆ. ಪಕ್ಕಪಕ್ಕದ ತುಣುಕುಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ, ನಡುವೆ ಬಿಡುವಿಲ್ಲ ಎಂದು ಲೆಕ್ಕ ಮೊದಲೇ ಒಪ್ಪಿಕೊಂಡಿರುತ್ತದೆ. ವಸ್ತು ಅಖಂಡ ಎಂಬುದೇ ಅದರ ನಂಬಿಕೆ. ಹೊಸ ಕಬ್ಬಿಣದ ತೊಲೆಗೆ ಈ ನಂಬಿಕೆ ಸರಿ. ಸಮುದ್ರದ ಗಾಳಿ ಕುಡಿದು, ಮೂವತ್ತೈದು ಮಳೆಗಾಲ ನೆನೆದು, ಒಳಗಿನ ಸರಳು ತುಕ್ಕು ಹಿಡಿದು ಉಬ್ಬಿದ ನಮ್ಮ ಬಾಲ್ಕನಿಯ ಬೀಮಿಗೆ? ಅಲ್ಲಿ ಒಡಕಿದೆ. ಒಡಕು ಎಂದರೆ ಅಖಂಡತೆ ಮುಗಿದುಹೋದ ಜಾಗ.

ಒಡಕಿನ ಸ್ವಭಾವ ನೋಡಬೇಕಾದರೆ ಬಟ್ಟೆ ಅಂಗಡಿಗೆ ಹೋಗಿ. ಅಂಗಡಿಯವನು ಅಂಚಿಗೆ ಕತ್ತರಿಯಿಂದ ಒಂದು ಸಣ್ಣ ಕಚ್ಚು ಹಾಕುತ್ತಾನೆ, ಆಮೇಲೆ ಕೈಯಿಂದಲೇ ಸರ್ರನೆ ಹರಿಯುತ್ತಾನೆ. ಕಚ್ಚಿಲ್ಲದಿದ್ದರೆ ಅದೇ ಬಟ್ಟೆ ಪೈಲ್ವಾನನಿಗೂ ಜಗ್ಗದು. ಎಳೆತವೆಲ್ಲ ಕಚ್ಚಿನ ತುದಿಗೆ ಬಂದು ಸೇರುತ್ತದೆ. ಎಷ್ಟು ಸೇರುತ್ತದೆ ಎಂಬುದನ್ನು 1913ರಲ್ಲಿ ಇಂಗ್ಲಿಸ್ ಎಂಬ ಬ್ರಿಟಿಷ್ ಎಂಜಿನಿಯರ್ ಲೆಕ್ಕ ಹಾಕಿದರು. ಎಳೆಯುತ್ತಿರುವ ಅಗಲವಾದ ತಗಡಿನಲ್ಲಿ ಒಂದು ದುಂಡು ತೂತಿದ್ದರೆ ಅದರ ಅಂಚಿನಲ್ಲಿ ಒಳಬಲ, ಅಂದರೆ ಸ್ಟ್ರೆಸ್, ಮೂರು ಪಟ್ಟಾಗುತ್ತದೆ. ಎಳೆತಕ್ಕೆ ಅಡ್ಡವಾಗಿ, ಅಗಲಕ್ಕಿಂತ ಹತ್ತು ಪಟ್ಟು ಉದ್ದದ ಮೊಟ್ಟೆಯಾಕಾರದ ತೂತಿದ್ದರೆ ತುದಿಯಲ್ಲಿ ಅದು 21 ಪಟ್ಟು. ತೂತು ಸಪೂರವಾಗಿ ಕೂದಲೆಳೆಯ ಬಿರುಕೇ ಆಗಿಬಿಟ್ಟರೆ ಸೂತ್ರದ ಪ್ರಕಾರ ಅನಂತ!

ಅನಂತ ಎಂಬ ಉತ್ತರವನ್ನು ಕಂಪ್ಯೂಟರು ಕೊಡಲಾರದು. ಅದು ಏನು ಮಾಡುತ್ತದೆ ಎಂಬುದನ್ನು ಪ್ರತಿ ಸೊಸೈಟಿಯ ಸೆಕ್ರೆಟರಿ ತಿಳಿದಿರಬೇಕು. ಬಿರುಕಿನ ತುದಿಯಲ್ಲಿ ತುಣುಕುಗಳನ್ನು ದೊಡ್ಡದಾಗಿ ಇಟ್ಟರೆ ಚಿತ್ರ ಅಲ್ಲಿ ಹಳದಿಯಾಗಿ ಕಾಣಬಹುದು. ತುಣುಕಿನ ಅಳತೆಯನ್ನು ಅರ್ಧಕ್ಕಿಳಿಸಿದರೆ ಅದೇ ಜಾಗದ ಸ್ಟ್ರೆಸ್ ಸುಮಾರು 1.4 ಪಟ್ಟು ಏರುತ್ತದೆ. ಮತ್ತೆ ಅರ್ಧ ಮಾಡಿದರೆ ಮತ್ತೆ ಏರುತ್ತದೆ, ಎಲ್ಲಿಯೂ ನಿಲ್ಲುವುದಿಲ್ಲ. ಬಿರುಕು ಅದೇ, ಭಾರ ಅದೇ, ಬಣ್ಣ ಮಾತ್ರ ಬೇರೆ. ಹಾಗಾಗಿ ಬಿರುಕಿನ ವಿಷಯದಲ್ಲಿ ಕೆಂಪು, ಹಸಿರು ಯಾವುದನ್ನೂ ಹಾಗೆಯೇ ನಂಬುವಂತಿಲ್ಲ. ತುದಿಯ ಸ್ಟ್ರೆಸ್ ಕೇಳಬೇಡಿ, ಬಿರುಕು ಇನ್ನಷ್ಟು ಮುಂದೆ ಹೋಗಲು ಬೇಕಾದ ಶಕ್ತಿ ಸಿಗುತ್ತಿದೆಯೇ ಎಂದು ಕೇಳಿ ಎಂದು 1921ರಲ್ಲಿ ಗ್ರಿಫಿತ್ ತೋರಿಸಿಕೊಟ್ಟರು. ಬಿರುಕಿನ ಶಾಸ್ತ್ರ ಶುರುವಾದದ್ದು ಅಲ್ಲಿಂದ.

ಈ ಶಾಸ್ತ್ರದ ಜಗತ್ಪ್ರಸಿದ್ಧ ಉದಾಹರಣೆಯೊಂದು ನಮ್ಮ ಪಕ್ಕದಲ್ಲೇ ಇದೆ. ಸಾತಾರಾ ಜಿಲ್ಲೆಯ ಕೊಯ್ನಾ ಅಣೆಕಟ್ಟು. ಮಳೆಗಾಲದಲ್ಲಿ ಕೊಯ್ನಾದಿಂದ ಎಷ್ಟು ಕ್ಯುಸೆಕ್ ಬಿಟ್ಟರು ಎಂದು ಚಿಕ್ಕೋಡಿ, ಅಥಣಿಯವರು ಕಿವಿಗೊಟ್ಟು ಕೇಳುತ್ತಾರಲ್ಲ, ಅದೇ. ಕರಾಡದಲ್ಲಿ ಕೃಷ್ಣೆಯನ್ನು ಸೇರುವ ಆ ನೀರು ನಮ್ಮ ಆಲಮಟ್ಟಿಗೆ ಬರುತ್ತದೆ. 1967ರ ಡಿಸೆಂಬರ್ 11ರ ಬೆಳಗಿನ ಜಾವ ಅಲ್ಲಿ ಸುಮಾರು 6.5 ತೀವ್ರತೆಯ ಭೂಕಂಪವಾಯಿತು. ಊರುಗಳಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. 103 ಮೀಟರ್ ಎತ್ತರದ ಅಣೆಕಟ್ಟು ನಿಂತಿತು, ಆದರೆ ಅದರ ಹಲವು ಭಾಗಗಳಲ್ಲಿ ಅಡ್ಡಕ್ಕೆ ಬಿರುಕು ಬಿಟ್ಟಿತು. ಬಿರುಕು ಬಿದ್ದದ್ದು ಬುಡದಲ್ಲಲ್ಲ. ಬುಡದಿಂದ ಸುಮಾರು 66 ಮೀಟರ್ ಮೇಲೆ, ಗೋಡೆಯ ಇಳಿಜಾರು ಥಟ್ಟನೆ ಬದಲಾಗುವ ಕುತ್ತಿಗೆಯ ಜಾಗದಲ್ಲಿ.

ಅಂದಿನ ಪದ್ಧತಿಯಂತೆ ಅಣೆಕಟ್ಟಿನ ವಿನ್ಯಾಸದಲ್ಲಿ ಭೂಕಂಪಕ್ಕೆಂದು ಹಿಡಿದಿದ್ದ ಅಡ್ಡಬಲ ತೂಕದ 5 ಶೇಕಡಾ ಮಾತ್ರ. ಅಣೆಕಟ್ಟಿನಲ್ಲೇ ಇದ್ದ ಮಾಪಕ ಅಂದು ದಾಖಲಿಸಿದ್ದು ಅದರ ಎಷ್ಟೋ ಪಟ್ಟು. ಮುಂದೆ 1973ರಲ್ಲಿ ಅನಿಲ್ ಚೋಪ್ರಾ ಮತ್ತು ಚಕ್ರವರ್ತಿ ಕಂಪ್ಯೂಟರಿನಲ್ಲಿ ಅಣೆಕಟ್ಟನ್ನು ತುಣುಕು ಮಾಡಿ ಅದೇ ಕಂಪನವನ್ನು ಕೊಟ್ಟು ನೋಡಿದಾಗ ಎಳೆತ ಹೆಚ್ಚಾದದ್ದು ಆ ಕುತ್ತಿಗೆಯಲ್ಲೇ. ಅಖಂಡ ಎಂದು ನಂಬಿದ ಲೆಕ್ಕವೂ ಬಿರುಕು ಎಲ್ಲಿ ಹುಟ್ಟುತ್ತದೆ ಎಂದು ಸರಿಯಾಗಿಯೇ ಬೆರಳಿಟ್ಟು ತೋರಿಸಿತು. ಆದರೆ ಹುಟ್ಟಿದ ಬಿರುಕು ಎಷ್ಟು ಒಳಗೆ ಹೋಗುತ್ತದೆ, ಆ ಬದಿಯಿಂದ ಈ ಬದಿಗೆ ದಾಟಿ ಮೇಲಿನ ಭಾಗವನ್ನೇ ಬೇರೆ ಮಾಡುತ್ತದೆಯೇ ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ. ಬಿರುಕಿನ ಲೆಕ್ಕ ಹಾಕುವ ಹೊಸ ವಿಧಾನ ಬಂದಾಗಲೆಲ್ಲ ಕೊಯ್ನಾವನ್ನು ಸರಿಯಾಗಿ ಒಡೆದು ತೋರಿಸು ನೋಡೋಣ ಎಂದು ಪರೀಕ್ಷೆಗೆ ಒಡ್ಡುವುದು ಇಂದಿಗೂ ವಾಡಿಕೆ. ಅಮೆರಿಕ, ಚೀನಾ, ಇರಾನಿನ ವಿದ್ಯಾರ್ಥಿಗಳು ಕಂಪ್ಯೂಟರಿನಲ್ಲಿ ಕೊಯ್ನಾ ಒಡೆದು ಕಲಿಯುತ್ತಾರೆ. ಲೆಕ್ಕವನ್ನು ತಾಳೆ ನೋಡಲು ಸಾಧ್ಯವಾಗಿರುವುದಾದರೂ ಯಾಕೆ? 1967ರಲ್ಲಿ ಯಾರೋ ಅಲ್ಲಿಗೆ ಹೋಗಿ ಬಿರುಕುಗಳನ್ನು ನೋಡಿ, ಅಳೆದು, ಬರೆದಿಟ್ಟಿದ್ದರಿಂದ.

ಕರ್ನಾಟಕದ ಒಳಗಿನ ಉದಾಹರಣೆ ಬೇಕಾದರೆ ಕೈಗಾ. 1994ರ ಮೇ 13ರಂದು ಅಲ್ಲಿ ಕಟ್ಟುತ್ತಿದ್ದ ಅಣುಸ್ಥಾವರದ ಒಳಗುಮ್ಮಟದ ಅಡಿಯ ಕಾಂಕ್ರೀಟ್ ಪದರ ಕಳಚಿ ಬಿತ್ತು. ಸ್ಥಾವರ ಇನ್ನೂ ಶುರುವಾಗಿರಲಿಲ್ಲ. ಗುಮ್ಮಟದಲ್ಲಿ ದೊಡ್ಡ ಯಂತ್ರಗಳನ್ನು ಇಳಿಸಲು ಬಿಟ್ಟ ತೆರಪುಗಳಿದ್ದವು, ಕಾಂಕ್ರೀಟಿನೊಳಗೆ ಬಾಗಿ ಹೋಗುವ ಉಕ್ಕಿನ ಕೇಬಲ್‌ಗಳನ್ನು ಬಿಗಿದಿದ್ದರು. ಬಾಗಿದ ಕೇಬಲ್ ಬಿಗಿದಾಗ ಕಾಂಕ್ರೀಟಿನ ಒಂದು ಪದರವನ್ನು ಇನ್ನೊಂದರಿಂದ ಕೀಳುವ ಬಲವೂ ಹುಟ್ಟುತ್ತದೆ. ಕೊನೆಗೆ ಗುಮ್ಮಟದ ವಿನ್ಯಾಸ ಬದಲಾಯಿತು, ಮತ್ತೆ ಕಟ್ಟಿದರು, ಎರಡೂ ಘಟಕಗಳು 2000ದಲ್ಲಿ ವಾಣಿಜ್ಯ ಉತ್ಪಾದನೆ ಶುರು ಮಾಡಿದವು. ದಪ್ಪ ಬದಲಾಗುವಲ್ಲಿ, ತೆರಪಿನ ಅಂಚಿನಲ್ಲಿ, ಎರಡು ವಸ್ತುಗಳು ಸೇರುವಲ್ಲಿ ಕಣ್ಣಿಡಬೇಕು ಎಂಬ ಪಾಠವನ್ನು ಈ ವೃತ್ತಿ ಹೀಗೆ ದುಬಾರಿ ಬೆಲೆ ತೆತ್ತು ಕಲಿತಿದೆ.

ಹಾಗಾದರೆ ಒಡಕನ್ನು ಲೆಕ್ಕದೊಳಗೆ ತರಲು ಬರುವುದಿಲ್ಲವೇ? ಚೆನ್ನಾಗಿಯೇ ಬರುತ್ತದೆ. ಬಂಡೆಯ ಸೀಳುಗಳಿಗೆಂದು 1968ರಲ್ಲೇ ಗುಡ್‌ಮನ್ ಮತ್ತು ಸಂಗಡಿಗರು ಜಾರಬಲ್ಲ, ಬಾಯಿ ತೆರೆಯಬಲ್ಲ ಕೀಲಿನ ತುಣುಕನ್ನು ಸೇರಿಸಿದರು. 1971ರಲ್ಲಿ ಪೀಟರ್ ಕುಂಡಲ್ ಅಖಂಡತೆಯನ್ನೇ ಕೈಬಿಟ್ಟು, ಬಂಡೆ ಎಂದರೆ ಒಂದಕ್ಕೊಂದು ಒರಗಿ ನಿಂತ ಬಿಡಿ ಕಲ್ಲುಗಳ ರಾಶಿ ಎಂದು ಲೆಕ್ಕ ಹೂಡಿದರು. ಗಾರೆಯ ನೆರವಿಲ್ಲದೆ ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ ಇಟ್ಟು ನಿಲ್ಲಿಸಿದ ಹಂಪಿಯ ಮಂಟಪದಂಥ ರಚನೆಗೆ ಹೇಳಿ ಮಾಡಿಸಿದ ವಿಧಾನವಿದು. 1976ರಲ್ಲಿ ಸ್ವೀಡನ್ನಿನ ಹಿಲ್ಲರ್‌ಬೋರ್ಗ್, ಕಾಂಕ್ರೀಟು ಗಾಜಿನಂತೆ ಒಮ್ಮೆಲೇ ಒಡೆಯದೆ ಬಿರುಕಿನ ಎರಡೂ ದಡ ಸ್ವಲ್ಪ ಹೊತ್ತು ಒಂದನ್ನೊಂದು ಹಿಡಿದಿಟ್ಟುಕೊಳ್ಳುವುದನ್ನು ಲೆಕ್ಕಕ್ಕೆ ತಂದರು. 1999ರಲ್ಲಿ ಬೆಲಿಚ್ಕೊ ಮತ್ತು ಜೊತೆಗಾರರು ತುಣುಕುಗಳ ಜಾಲವನ್ನು ಮತ್ತೆ ಮತ್ತೆ ಹೆಣೆಯದೆ, ತುಣುಕಿನ ಹೊಟ್ಟೆಯನ್ನೇ ಸೀಳಿಕೊಂಡು ಬಿರುಕು ಸಾಗುವಂತೆ ಮಾಡಿದರು. ಎಕ್ಸ್‌ಎಫ್‌ಇಎಂ ಎಂಬ ಆ ವಿಧಾನ ಇಂದು ಐರೋಲಿಯ ಕಚೇರಿಗಳ ಸಾಫ್ಟ್‌ವೇರಿನಲ್ಲಿ ಒಂದು ಗುಂಡಿ ಒತ್ತಿದರೆ ಸಿಗುತ್ತದೆ. 2000ದಲ್ಲಿ ಸಿಲ್ಲಿಂಗ್ ಎಂಬುವರು ಬಿರುಕಿದ್ದರೂ ಇಲ್ಲದಿದ್ದರೂ ಒಂದೇ ಸಮೀಕರಣ ನಡೆಯುವ ಪೆರಿಡೈನಾಮಿಕ್ಸ್ ತಂದರು.

ಸಲಕರಣೆಗೇನೂ ಬರವಿಲ್ಲ, ಸರಿ. ಆದರೆ ಇವುಗಳಲ್ಲಿ ಯಾವುದೂ ಡೊಂಬಿವಲಿಯ ನನ್ನ ಕಟ್ಟಡದ ಎರಡನೇ ಮಹಡಿಯ ಬೀಮಿನಲ್ಲಿ ಈಗಾಗಲೇ ಇರುವ ಬಿರುಕನ್ನು ತಾನಾಗಿ ಕಂಡುಹಿಡಿಯುವುದಿಲ್ಲ. ಅದು ಎಲ್ಲಿದೆ, ಎಷ್ಟು ಉದ್ದ, ಎಷ್ಟು ಆಳ, ಒಳಗಿನ ಸರಳು ಎಷ್ಟು ಸವೆದಿದೆ ಎಂದು ಒಬ್ಬ ಮನುಷ್ಯ ಹೋಗಿ ನೋಡಿ ಹೇಳಬೇಕು. ಹೇಳದಿದ್ದರೆ ಸಾಫ್ಟ್‌ವೇರು ತನ್ನ ಹಳೆಯ ನಂಬಿಕೆಗೇ ಮರಳುತ್ತದೆ: ಎಲ್ಲವೂ ಅಖಂಡ.

ನೋಡುವ ಕಣ್ಣು, ಲೆಕ್ಕದ ತಲೆ ಎರಡೂ ಜೊತೆಗೂಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಪಾರ್ಸಿಕ್ ಬೆಟ್ಟದ ಸಾಲೇ ಸಾಕ್ಷಿ. ಕಳವಾ-ಮುಂಬ್ರಾ ನಡುವೆ ಅದೇ ಬೆಟ್ಟ ಕೊರೆದು 1916ರಲ್ಲಿ ತೆರೆದ ರೈಲು ಸುರಂಗ ಇಂದಿಗೂ ಕೆಲಸ ಮಾಡುತ್ತಿದೆ. ಈಗ ಬುಲೆಟ್ ಟ್ರೇನಿಗಾಗಿ ಬಿಕೆಸಿಯಿಂದ ಶಿಳ್‌ಫಾಟಾದವರೆಗೆ 21 ಕಿ.ಮೀ. ಸುರಂಗ ನಡೆದಿದೆ, ಅದರಲ್ಲಿ 7 ಕಿ.ಮೀ. ಠಾಣೆ ಖಾರಿಯ ಕೆಳಗೆ. ಘನ್ಸೋಲಿಯಿಂದ ಶಿಳ್‌ಫಾಟಾವರೆಗಿನ ಸುಮಾರು 5 ಕಿ.ಮೀ. ಭಾಗವನ್ನು ಸಿಡಿಸಿ ಕೊರೆದು, 2025ರ ಸೆಪ್ಟೆಂಬರಿನಲ್ಲಿ ಎರಡು ಬದಿಯ ಅಗೆತ ಒಂದಾಯಿತು. ಆಸ್ಟ್ರಿಯಾದ ಹೆಸರಿನಲ್ಲಿ ಕರೆಯುವ ಆ ಕ್ರಮದಲ್ಲಿ ಒಂದು ಶಿಸ್ತಿದೆ. ಒಂದಷ್ಟು ಅಗೆದ ಮೇಲೆ ಎದುರಿನ ಬಂಡೆಯ ಮುಖವನ್ನು ಭೂವಿಜ್ಞಾನಿ ನೋಡಿ, ಸೀಳುಗಳು ಎತ್ತ ವಾಲಿವೆ, ಎಷ್ಟು ಒತ್ತೊತ್ತಾಗಿವೆ, ನೀರು ಜಿನುಗುತ್ತಿದೆಯೇ ಎಂದು ಬರೆಯುತ್ತಾರೆ. ಸುರಂಗದ ಗೋಡೆ ಎಷ್ಟು ಒಳಕ್ಕೆ ಸರಿಯಿತು ಎಂದು ಅಳೆಯುತ್ತಾರೆ. ಅದರಂತೆ ಮುಂದಿನ ಆಸರೆಯನ್ನು ಬದಲಿಸುತ್ತಾರೆ. ಮೊದಲ ದಿನದ ಮಾಡೆಲ್ ಅಲ್ಲಿ ಕೊನೆಯ ಮಾತಲ್ಲ.

ಈ ಶಿಸ್ತು ನೆಲದಡಿ ಇದೆ, ನೆಲದ ಮೇಲೆ ನಾವು ಮಲಗುವ ಮನೆಗೆ ಇಲ್ಲ. ಕಳೆದ ವರ್ಷ ನಾನೊಂದು ಸೊಸೈಟಿ ಸಭೆಯಲ್ಲಿ ಕೂತಿದ್ದೆ. ಆಡಿಟ್ ಮಾಡಿದವರು ಅರವತ್ತು ಪುಟದ ವರದಿ ತಂದಿದ್ದರು, ಪರದೆಯ ಮೇಲೆ ಬಣ್ಣದ ಕಟ್ಟಡ ತಿರುಗುತ್ತಿತ್ತು. ಪಕ್ಕದಲ್ಲಿದ್ದ ಮಂಗಳೂರು ಕಡೆಯ ಹಿರಿಯ ಅಮ್ಮ ನನ್ನ ಕಿವಿಯಲ್ಲಿ ಕೇಳಿದರು, “ಕೆಂಪು ಬಣ್ಣ ಜಾಸ್ತಿ ಇಲ್ಲ ಅಲ್ವಾ? ಹಾಗಾದ್ರೆ ಹೆದರ್ಲಿಕ್ಕೆ ಎಂತ ಇಲ್ಲ ಅಲ್ವಾ?” ನಾನು ಎದ್ದು, ಎರಡನೇ ಮಹಡಿಯ ಬಾಲ್ಕನಿ ಬೀಮಿನಲ್ಲಿ ಬೆರಳು ತೂರುವಷ್ಟು ಬಿರುಕಿದೆಯಲ್ಲ, ಅದು ಈ ಚಿತ್ರದಲ್ಲಿ ಎಲ್ಲಿದೆ ಎಂದು ಕೇಳಿದೆ. ಮಾಡೆಲ್ ಮಾಡಿದ್ದು ಮೂಲ ಡ್ರಾಯಿಂಗಿನ ಪ್ರಕಾರ, ಬಿರುಕಿನ ಫೋಟೋ ವರದಿಯ ಕೊನೆಗೆ ಬೇರೆ ಇದೆ ಎಂಬ ಉತ್ತರ ಬಂತು. ಫೋಟೋ ಒಬ್ಬರು ತೆಗೆದಿದ್ದರು, ಲೆಕ್ಕ ಇನ್ನೊಬ್ಬರು ಇನ್ನೊಂದು ಕಚೇರಿಯಲ್ಲಿ ಹಾಕಿದ್ದರು. ಇಬ್ಬರೂ ಒಂದೇ ವರದಿಯಲ್ಲಿದ್ದರು, ಪರಸ್ಪರ ಭೇಟಿಯಾಗಿರಲಿಲ್ಲ.

ಮೂಲ ಡ್ರಾಯಿಂಗಿನಲ್ಲಿ ಇರುವುದು 1988ರಲ್ಲಿ ಯಾರೋ ಕಟ್ಟಬೇಕೆಂದುಕೊಂಡ ಕಟ್ಟಡ. ಆಮೇಲೆ ಬಾಲ್ಕನಿಯನ್ನು ಒಳಗೆ ಸೇರಿಸಿಕೊಂಡಿದ್ದು, ಹಾಲ್ ದೊಡ್ಡದಾಗಲೆಂದು ಗೋಡೆ ಒಡೆದಿದ್ದು, ಹಳೆಯ ಟೈಲ್ಸಿನ ಮೇಲೆಯೇ ಹೊಸ ಟೈಲ್ಸ್ ಹಾಕಿದ್ದು, ಬಚ್ಚಲಿನ ನೀರು ಇಪ್ಪತ್ತು ವರ್ಷ ಕೆಳಗಿನ ಸ್ಲ್ಯಾಬಿಗೆ ಇಳಿದಿದ್ದು ಯಾವುದೂ ಅದರಲ್ಲಿಲ್ಲ. 2025ರ ಮೇ 20ರಂದು ಕಲ್ಯಾಣ ಪೂರ್ವದ ಹಳೆಯ ಕಟ್ಟಡವೊಂದರಲ್ಲಿ ಮೇಲಿನ ಮಹಡಿಯ ಫ್ಲೋರಿಂಗ್ ಕೆಲಸ ನಡೆಯುತ್ತಿದ್ದಾಗ ಸ್ಲ್ಯಾಬ್ ಕುಸಿಯಿತು. ಅದು ಕೆಳಗಿನದರ ಮೇಲೆ ಬಿತ್ತು, ಅದು ಇನ್ನೂ ಕೆಳಗಿನದರ ಮೇಲೆ. ಆರು ಜನ ಸತ್ತರು. ಅವರಲ್ಲಿ ಪುಟ್ಟ ಮಗುವೂ ಇತ್ತು. ಒಂದು ಸ್ಲ್ಯಾಬ್ ಬಿಡಿಸಿಕೊಂಡ ಕ್ಷಣದಿಂದ ಆ ಕಟ್ಟಡ ಅಖಂಡವಲ್ಲ, ಬಿಡಿ ತುಂಡುಗಳ ಸರಮಾಲೆ. ನೀಲಿ-ಹಸಿರು ಚಿತ್ರದಲ್ಲಿ ಆ ಕ್ಷಣಕ್ಕೆ ಜಾಗವಿಲ್ಲ.

ಆಡಿಟ್ ಆಗಿದ್ದರೆ ಸಾಕು ಎನ್ನುವವರು 2019ರ ಮಾರ್ಚ್ 14ರ ಸಂಜೆಯನ್ನು ನೆನಪಿಸಿಕೊಳ್ಳಲಿ. ನಮ್ಮ ಕಡೆಯಿಂದ ನಿತ್ಯ ಸಾವಿರಾರು ಜನ ಇಳಿಯುವ ಸಿಎಸ್‌ಎಂಟಿಯ ಪಕ್ಕದ ಪಾದಚಾರಿ ಸೇತುವೆಯ ಹಾಸು ಕೆಳಗೆ ಬಿದ್ದು ಜನ ಸತ್ತರು. ಆ ಸೇತುವೆಗೆ ಆಡಿಟ್ ಆಗಿತ್ತು. ಸಣ್ಣಪುಟ್ಟ ರಿಪೇರಿ ಸಾಕು ಎಂಬ ವರದಿಯೂ ಇತ್ತು.

ಕೆಲವರು ನನ್ನನ್ನು ಕೇಳುತ್ತಾರೆ: ಹೀಗೆಲ್ಲ ಬರೆದರೆ ಬಿಲ್ಡರುಗಳಿಗೇ ಲಾಭವಲ್ಲವೇ? ಜನ ಹೆದರಿ ಒಳ್ಳೆಯ ಕಟ್ಟಡವನ್ನೂ ರೀಡೆವಲಪ್‌ಮೆಂಟಿಗೆ ಕೊಟ್ಟುಬಿಡುತ್ತಾರೆ, ಮನೆ ಖಾಲಿ ಮಾಡಿ ವರ್ಷಗಟ್ಟಲೆ ಬಾಡಿಗೆ ಮನೆಯಲ್ಲಿ ಕೊಳೆಯುತ್ತಾರೆ. ಈ ಮಾತಿನಲ್ಲಿ ಹುರುಳಿದೆ. ಹಾಗೆ ಕಾದವರು ನಮ್ಮವರಲ್ಲೂ ಇದ್ದಾರೆ. ಆದರೆ ಹೆದರಿಕೆ ಹುಟ್ಟುವುದು ಗೊತ್ತಿಲ್ಲದ ಬಿರುಕಿನಿಂದ, ಅಳೆದ ಬಿರುಕಿನಿಂದಲ್ಲ. ಕಾಂಕ್ರೀಟಿನಲ್ಲಿ ಬಿರುಕು ಇರಲೇಬಾರದು ಎಂದು ಯಾವ ಸಂಹಿತೆಯೂ ಹೇಳುವುದಿಲ್ಲ. ನಮ್ಮ ಐಎಸ್ 456 ಸಾಮಾನ್ಯ ಸಂದರ್ಭದಲ್ಲಿ 0.3 ಮಿ.ಮೀ. ಅಗಲದ ಬಿರುಕನ್ನು ಒಪ್ಪುತ್ತದೆ. 45 ಮೀಟರಿಗಿಂತ ಉದ್ದದ ಕಟ್ಟಡಕ್ಕೆ ಬೇಕೆಂದೇ ನಡುವೆ ಒಂದು ಸಂದು ಬಿಡಿ ಎಂದೂ ಅದೇ ಸಂಹಿತೆ ಹೇಳುತ್ತದೆ. ಗಿಲಾವಿನ ಮೇಲಿನ ಕೂದಲೆಳೆ ಗೀರು ಬೇರೆ, ಸರಳಿನುದ್ದಕ್ಕೂ ತುಕ್ಕಿನ ಕಂದು ಕಲೆಯೊಡನೆ ಬಾಯಿ ತೆರೆದ ಬಿರುಕು ಬೇರೆ, ಕಾಲಮ್ಮಿಗೆ ಅಡ್ಡಡ್ಡವಾಗಿ ಓರೆಯಲ್ಲಿ ಬಂದ ಬಿರುಕು ಬೇರೆ. ಈ ವ್ಯತ್ಯಾಸ ಬರೆದಿಟ್ಟಿದ್ದರೆ ರಿಪೇರಿ ಸಾಕೆಂದು ಬಿಲ್ಡರಿನ ಮುಖಕ್ಕೆ ಹೇಳುವ ಧೈರ್ಯವೂ ಸೊಸೈಟಿಗೆ ಬರುತ್ತದೆ.

ಅದಕ್ಕೆ ನನ್ನ ಬೇಡಿಕೆ ಚಿಕ್ಕದು. ಪ್ರತಿ ಆಡಿಟ್ ವರದಿಯ ಮೊದಲಿಗೆ ಒಂದು ಒಡಕಿನ ಪಟ್ಟಿ ಇರಲಿ. ಯಾವ ಮಹಡಿ, ಯಾವ ಬೀಮು, ಎಷ್ಟು ಅಗಲ, ಎಷ್ಟು ಉದ್ದ, ಸರಳು ಎಷ್ಟು ಸವೆದಿದೆ, ಯಾವ ಗೋಡೆ ಒಡೆದಿದ್ದಾರೆ, ಎಲ್ಲಿ ಭಾರ ಹೆಚ್ಚಿಸಿದ್ದಾರೆ. ಪ್ರತಿ ಸಾಲಿನ ಮುಂದೆ, ಇದನ್ನು ಮಾಡೆಲ್‌ನಲ್ಲಿ ಸೇರಿಸಿದ್ದೇವೆ ಅಥವಾ ಸೇರಿಸಿಲ್ಲ, ಸೇರಿಸದಿರಲು ಕಾರಣ ಇದು ಎಂದು ಬರೆದಿರಲಿ. ಲೆಕ್ಕ ಹಾಕಿದ ಎಂಜಿನಿಯರ್ ಕನಿಷ್ಠ ಒಂದು ದಿನ ಕಟ್ಟಡಕ್ಕೆ ಬಂದಿದ್ದರೆಂಬ ಸಹಿ ಇರಲಿ. ಇಂಥ ವರದಿಗೆ ದುಡ್ಡು ಹೆಚ್ಚಾಗುತ್ತದೆ, ನಿಜ. ಅಗ್ಗದ ಟೆಂಡರಿನವನನ್ನೇ ಆರಿಸುವ ನಾವು ಅದರ ಅರ್ಧ ಹೊಣೆ ಹೊರಬೇಕು. ಲಾಬಿಗೆ ಗ್ರಾನೈಟ್ ಹಾಕಿಸಲು ಕೈ ಎತ್ತುವ ಸಭೆ ಇದಕ್ಕೂ ಕೈ ಎತ್ತಲಿ.

ಪರೀಕ್ಷೆಗಳ ಅಂಕಿಯನ್ನೂ ನಾವು ಓದಲು ಕಲಿಯಬಹುದು. ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಮ್ಮ ಅಜ್ಜಿಯರು ಬೆರಳಿನಿಂದ ತಟ್ಟಿ, ಠಣ್ ಎಂದರೆ ತೆಗೆದುಕೊಂಡು, ಬೊದ್ ಎಂದರೆ ಬಿಟ್ಟು ಬರುತ್ತಿದ್ದರಲ್ಲ, ಶಬ್ದತರಂಗದ ಪರೀಕ್ಷೆಯೂ ಅದೇ ಜಾತಿಯದು. ಕಾಂಕ್ರೀಟಿನೊಳಗೆ ತರಂಗ ವೇಗವಾಗಿ ಹೋದರೆ ಒಳ್ಳೆಯದು, ನಿಧಾನವಾದರೆ ಅನುಮಾನ. ಬಿರುಕು ಬಂದಲ್ಲಿ ತರಂಗ ಸುತ್ತಿಕೊಂಡು ಹೋಗಬೇಕಾಗುತ್ತದೆ, ಹಾಗಾಗಿ ತಡವಾಗುತ್ತದೆ. ಸುತ್ತಿಗೆ ಪುಟಿಸುವ ಪರೀಕ್ಷೆ ಮೇಲ್ಮೈಯ ಗಟ್ಟಿತನವನ್ನಷ್ಟೇ ಹೇಳುತ್ತದೆ. ವರದಿಯಲ್ಲಿ ಅದೊಂದೇ ಇದ್ದರೆ ಒಳಗಿನ ಸುದ್ದಿ ಏನು ಎಂದು ಕೇಳಿ.

ಇಲ್ಲಿನ ಕಚೇರಿಗಳಿಗೆ ಹೊಸದಾಗಿ ಬರುವ ಕನ್ನಡದ ಹುಡುಗ ಹುಡುಗಿಯರಿಗೂ ಒಂದು ಮಾತು. ಸಾಫ್ಟ್‌ವೇರು ಆರು ತಿಂಗಳಲ್ಲಿ ಕೈಗೆ ಹತ್ತುತ್ತದೆ. ಬಿರುಕನ್ನು ನೋಡಿ ಇದು ಭಾರದಿಂದ ಬಂದದ್ದೋ, ತುಕ್ಕಿನಿಂದ ಬಂದದ್ದೋ, ನೆಲ ಕುಸಿದು ಬಂದದ್ದೋ ಎಂದು ಹೇಳಲು ವರ್ಷಗಳು ಬೇಕು. ಅದನ್ನು ಕಲಿಯಲು ಶಾಲೆ ನಿಮ್ಮ ಬಾಡಿಗೆ ಮನೆಯ ಮೆಟ್ಟಿಲಲ್ಲೇ ಇದೆ. ಭಾನುವಾರ ಒಂದು ಟಾರ್ಚು, ಬಿರುಕಿನ ಅಗಲ ಅಳೆಯುವ ಒಂದು ಪಟ್ಟಿ ಹಿಡಿದು ಹಳೆಯ ಕಟ್ಟಡವೊಂದನ್ನು ಸುತ್ತಿ ಬನ್ನಿ. ವಾಶಿಯಲ್ಲಿ ಸಿಡ್ಕೊ ಕಟ್ಟಿದ ಹಳೆಯ ವಸತಿಗಳಿವೆ, ಡೊಂಬಿವಲಿಯ ಗಲ್ಲಿ ಗಲ್ಲಿಯಲ್ಲೂ ನಲವತ್ತು ದಾಟಿದ ಮೂರು ಮಹಡಿಯ ಮನೆಗಳಿವೆ.

ಡೊಂಬಿವಲಿ, ಕಲ್ಯಾಣ, ನವಿ ಮುಂಬೈಯಲ್ಲಿ ನಮಗೆ ಕನ್ನಡ ಸಂಘಗಳಿವೆ, ಯಕ್ಷಗಾನಕ್ಕೂ ರಾಜ್ಯೋತ್ಸವಕ್ಕೂ ಸಭಾಂಗಣ ತುಂಬುತ್ತದೆ. ವೈದ್ಯರನ್ನು ಕರೆಸಿ ಬಿ.ಪಿ., ಸಕ್ಕರೆ ನೋಡಿಸುವ ಶಿಬಿರಗಳೂ ನಡೆಯುತ್ತವೆ. ಹಾಗೆಯೇ ಏಪ್ರಿಲಿನಲ್ಲಿ ಒಂದು ಭಾನುವಾರ, ನಮ್ಮಲ್ಲೇ ಇರುವ ಸಿವಿಲ್ ಎಂಜಿನಿಯರುಗಳನ್ನು ಕೂರಿಸಿ, ಸದಸ್ಯರು ತಮ್ಮ ಸೊಸೈಟಿಯ ಆಡಿಟ್ ವರದಿ ತಂದರೆ ಓದಿ ಹೇಳುವ ಶಿಬಿರ ಏಕಾಗಬಾರದು? ಸಹಿ ಹಾಕುವುದು ಬೇಡ, ಶುಲ್ಕ ಬೇಡ. ಏನು ಕೇಳಬೇಕು ಎಂದು ತಿಳಿಸಿದರೆ ಸಾಕು. ಮರಾಠಿ ನೆರೆಯವರೂ ಬರಲಿ, ಬಿರುಕಿಗೆ ಭಾಷೆಯ ಭೇದವಿಲ್ಲ.

ಅಲ್ಲಿಯವರೆಗೆ ನೀವೇ ಮಾಡಬಹುದಾದ ಕೆಲಸವೊಂದಿದೆ. ಮನೆಯ ಬೀಮು, ಕಾಲಮ್ಮಿನಲ್ಲಿ ಬಿರುಕು ಕಂಡರೆ ಅದರ ಎರಡೂ ತುದಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಮಳೆ ಮುಗಿದ ಮೇಲೆ, ದಸರೆಗೆ ಮನೆ ತೊಳೆಯುವಾಗ ಮತ್ತೆ ನೋಡಿ. ಗೆರೆ ದಾಟಿದ್ದರೆ ಹೊಸ ಗೆರೆ, ಹೊಸ ತಾರೀಖು, ಒಂದು ಫೋಟೋ. ಅದರ ಮೇಲೆ ಬಣ್ಣ ಬಳಿಸಬೇಡಿ. ಮುಂದಿನ ಆಡಿಟ್‌ಗೆ ಬರುವವರ ಕೈಗೆ ಮೊದಲು ಅದನ್ನೇ ಕೊಡಿ.